ಹೈಡಿಗೆ ಯಾಕೆ ಜಡೆ ಇಲ್ಲ

ಮೊಣಕಾಲಿನ ಆಪರೇಷನ್ ಆದ ಮೇಲೆ ಅಮ್ಮ ಎರಡು ತಿಂಗಳು ಬೆಂಗಳೂರಿನ ನಮ್ಮ ಮನೆಯಲ್ಲಿದ್ದಳು. ನಾಲ್ಕನೇ ಮಹಡಿ. ಸಾಗರದ ಹತ್ತಿರದ ಹಳ್ಳಿಯಲ್ಲಿ ದನ, ಕೊಟ್ಟಿಗೆ, ತೋಟ ಅಂತ ಇಡೀ ದಿನ ಓಡಾಡಿಕೊಂಡಿದ್ದವಳು. ಇಲ್ಲಿ ಸೋಫಾ ಬಿಟ್ಟರೆ ಬಾಲ್ಕನಿ. ಧಾರಾವಾಹಿ ಹಾಕಿದರೆ ಹತ್ತು ನಿಮಿಷಕ್ಕೆ 'ಆರಿಸೇ ಮಾರಾಯ್ತಿ, ಬರೀ ಜಗಳ' ಅನ್ನುತ್ತಿದ್ದಳು. ಒಂದು ಸಂಜೆ ಸುಮ್ನೆ ನನ್ನ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ 'ಹೈಡಿ' ಹಾಕಿದೆ. 1974ರ ಜಪಾನಿ ಕಾರ್ಟೂನ್. ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಸಾಲು. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳುವುದು ಅಂತ ಆಯಿತು.

ಮೊದಲ ಕಂತಿನಲ್ಲಿ ಐದು ವರ್ಷದ ಹೈಡಿಯನ್ನು ಅವಳ ಚಿಕ್ಕಮ್ಮ ಆಲ್ಪ್ಸ್ ಬೆಟ್ಟದ ಮೇಲಿರುವ ಅಜ್ಜನ ಮನೆಗೆ ಕರೆದುಕೊಂಡು ಹೋಗುತ್ತಾಳೆ. ಮಗುವಿನ ಮೈಮೇಲೆ ಬಟ್ಟೆಯ ಮೇಲೆ ಬಟ್ಟೆ. ಮುಖ ಕೆಂಪಾಗಿ, ಬೆವರುತ್ತಾ ಹತ್ತುತ್ತದೆ. ಅಮ್ಮ ತಕ್ಷಣ ಅಂದಳು: 'ಗಂಟು ಹೊರೋದು ತಪ್ಪಲಿ ಅಂತ ಎಲ್ಲಾ ಮಗೂಗೇ ತೊಡಿಸಿದಾಳೆ ನೋಡೇ.' ಯಾರೂ ಅದನ್ನು ಅವಳಿಗೆ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಹೈಡಿ ಒಂದೊಂದೇ ಬಟ್ಟೆ ಕಳಚಿ ಎಸೆದು ಆಡಿನ ಮರಿಗಳ ಜೊತೆ ಓಡಿದಳು. ಅಮ್ಮ ಸೋಫಾದಲ್ಲಿ ನೆಟ್ಟಗೆ ಕೂತಳು. ಆಮೇಲೆ ದಿನಕ್ಕೊಂದು ಕಂತು, ಕೆಲವು ದಿನ ಎರಡು.

ನಾನು ಆನಿಮೇಷನ್ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ ಆಯಿತು. ಹೆಚ್ಚೂಕಡಿಮೆ ಎಲ್ಲವೂ ಹೊರದೇಶದ ಟಿವಿ ಸೀರೀಸ್‌ಗಳು. 'ಯಾವ ಕಾರ್ಟೂನ್ ಓಡುತ್ತೆ, ಯಾವುದು ಮಲಗುತ್ತೆ ಅಂತ ನಿಮಗೆ ಮೊದಲೇ ಗೊತ್ತಾಗುತ್ತಾ?' ಅಂತ ಸುಮಾರು ಜನ ಕೇಳಿದ್ದಾರೆ. ಅಮ್ಮನ ಪಕ್ಕ ಕೂತ ಆ ಎರಡು ತಿಂಗಳು ನನಗೆ ಇದರ ಬಗ್ಗೆ ಒಂದಿಷ್ಟು ಸ್ಪಷ್ಟವಾಯಿತು.

ಮೊದಲು ಜಡೆಯ ವಿಷಯ. ಹೈಡಿಯ ಪಾತ್ರಗಳ ಚಿತ್ರ ಬರೆದು ರೂಪ ಕೊಟ್ಟವರು ಯೊಯಿಚಿ ಕೊಟಾಬೆ. ನಿರ್ದೇಶಕ ಇಸಾವೊ ತಕಹಾತ. 1973ರ ಬೇಸಿಗೆಯಲ್ಲಿ ಇವರ ತಂಡ ಜಾಗ ನೋಡಲು ಸ್ವಿಟ್ಜರ್ಲೆಂಡಿಗೆ ಹೋಯಿತು. ಟಿವಿ ಕಾರ್ಟೂನ್‌ಗೆ ಅಂತ ಹಾಗೆ ಊರೂರು ಸುತ್ತಿ ಬರುವುದು ಆಗಿನ ಕಾಲಕ್ಕೆ ಹೊಸದು. ಕೊಟಾಬೆ ಮೊದಲು ಹೈಡಿಗೆ ಎರಡು ಜಡೆ ಬರೆದಿದ್ದರು. ಅಲ್ಲಿನ ಒಬ್ಬರು ಚಿತ್ರ ನೋಡಿ, ಐದು ವರ್ಷದ ಮಗು ತಾನೇ ಜಡೆ ಹೆಣೆದುಕೊಳ್ಳುವುದಿಲ್ಲ, ಬೆಟ್ಟದ ಮೇಲಿನ ಅಜ್ಜನಂತೂ ಹೆಣೆಯುವವನಲ್ಲ ಎಂಬರ್ಥದಲ್ಲಿ ಹೇಳಿದರು. ಕೊಟಾಬೆ ಜಡೆ ತೆಗೆದು ಗಿಡ್ಡ ಕೂದಲು ಕೊಟ್ಟರು. ಆ ಗಿಡ್ಡ ಕೂದಲಿನ, ಕೆಂಪು ಕೆನ್ನೆಯ ಮುಖವೇ ಈಗ ಎಲ್ಲರಿಗೂ ನೆನಪಿರುವುದು.

ಇದನ್ನು ಅಮ್ಮನಿಗೆ ಹೇಳಿದಾಗ 'ಮತ್ತೆ? ಆ ಮುದುಕಂಗೆ ಜಡೆ ಹಾಕೋಕೆ ಎಲ್ಲಿ ಬರುತ್ತೆ?' ಅಂದಳು. ನನಗೂ ತಂಗಿಗೂ ಶಾಲೆಗೆ ಹೋಗುವ ಮುಂಚೆ ದಿನಾ ನಾಲ್ಕು ಜಡೆ ಹೆಣೆದ ಕೈ ಅದು. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆದರೆ ಅಂಥ ಒಂದು ಸಣ್ಣ ಮಾತಿಗೆ ಕಿವಿಗೊಟ್ಟು, ಮುಗಿದ ಡಿಸೈನ್ ಬದಲಾಯಿಸುವವರು ಎಷ್ಟು ಅಪರೂಪ ಅಂತ ನನಗೆ ಗೊತ್ತು.

ಎರಡನೇ ಕಂತಿನಲ್ಲಿ ಅಜ್ಜ ಚೀಸ್ ಕಾಯಿಸುತ್ತಾನೆ. ಉದ್ದ ಕಡ್ಡಿಗೆ ಚೀಸ್ ತುಂಡು ಸಿಕ್ಕಿಸಿ ಒಲೆಯ ಬೆಂಕಿಗೆ ಹಿಡಿಯುತ್ತಾನೆ. ಅಂಚು ಮೊದಲು ಹೊಳೆಯುತ್ತದೆ. ಆಮೇಲೆ ಮೆತ್ತಗಾಗಿ ಉಬ್ಬುತ್ತದೆ, ಇನ್ನೇನು ಜಾರುತ್ತದೆ ಅನ್ನುವಾಗ ಬ್ರೆಡ್ಡಿನ ಮೇಲೆ ಇಳಿಸುತ್ತಾನೆ. ಹೈಡಿ ಕಣ್ಣು ಮಿಟುಕಿಸದೆ ನೋಡುತ್ತಾಳೆ. ಕಥೆ ಅಂತ ನೋಡಿದರೆ ಅಲ್ಲಿ ಏನೂ ನಡೆಯುವುದಿಲ್ಲ. ಆದರೆ ಈ ಮುದುಕ ಮಗುವನ್ನು ಇಟ್ಟುಕೊಳ್ಳುತ್ತಾನೆ ಅಂತ ನಮಗೆ ಗೊತ್ತಾಗುವುದು ಅಲ್ಲೇ. ಚೀಸ್ ಬಾಯಿಗೇ ಇಡದ ಅಮ್ಮ 'ಬೆಣ್ಣೆ ಕಾಯಿಸೋ ಹದ ಇದ್ದಂಗೆ ಇದೆ' ಅಂದಳು.

ಆ ದೃಶ್ಯ ನೋಡುವಾಗ ನನಗೆ ಗಂಟಲು ಕಟ್ಟಿತು. ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದು ಸೀರೀಸ್‌ನಲ್ಲಿ ನನಗೆ ಒಂದು ಶಾಟ್ ಸಿಕ್ಕಿತ್ತು. ಹುಡುಗನೊಬ್ಬ ಒಲೆ ಮುಂದೆ ನಿಂತು ಹಾಲು ಕಾಯುವುದನ್ನು ನೋಡುತ್ತಾನೆ. ಅವತ್ತು ಅವನ ಅಮ್ಮ ಮನೆಯಲ್ಲಿಲ್ಲ. ನಾನು ಎರಡು ಸೆಕೆಂಡ್ ಅವನನ್ನು ಸುಮ್ಮನೆ ನಿಲ್ಲಿಸಿದ್ದೆ. ಒಂದು ಸಲ ಕಣ್ಣು ಮಿಟುಕು, ಹೆಗಲು ಒಂಚೂರು ಇಳಿಯುವುದು, ಅಷ್ಟೇ. ರಾತ್ರಿ ಎಂಟರವರೆಗೆ ಕೂತು ಆ ಹೆಗಲನ್ನು ಸರಿ ಮಾಡಿದ್ದೆ. ಮರುದಿನ ರೀಟೇಕ್, ಅಂದರೆ ತಿದ್ದಿ ಮತ್ತೆ ಮಾಡಿ ಅನ್ನುವ ಸೂಚನೆ, ಬಂತು: 'ಇಲ್ಲಿ ಏನೂ ಆಗುತ್ತಿಲ್ಲ, ಮಕ್ಕಳು ಚಾನೆಲ್ ಬದಲಾಯಿಸುತ್ತಾರೆ, ಏನಾದರೂ ಸೇರಿಸಿ.' ಹಾಲು ಉಕ್ಕಿಸಿ, ಹುಡುಗನನ್ನು ಜಾರಿ ಬೀಳಿಸಿ, ಹಿಂದೆ ಒಂದು ಟೊಂಯ್ ಸದ್ದು ಹಾಕಿದರು. ಅಮ್ಮ ಇಲ್ಲದ ಹುಡುಗನ ಬೇಜಾರು ಹಾಲಿನ ಜೊತೆಗೇ ಚೆಲ್ಲಿಹೋಯಿತು. 26 ಕಂತು ಅಂತ ಶುರುವಾದ ಆ ಸೀರೀಸ್ 13ಕ್ಕೆ ನಿಂತಿತು. ಫ್ಲೋರಿನಲ್ಲಿದ್ದ ಅರ್ಧ ಜನಕ್ಕೆ ಬೇರೆ ಕೆಲಸ ಹುಡುಕಿಕೊಳ್ಳಿ ಅಂದರು.

ಹೈಡಿಯ ತಂಡಕ್ಕೇನೂ ಪುರುಸೊತ್ತು ಜಾಸ್ತಿ ಇರಲಿಲ್ಲ. ವಾರಕ್ಕೊಂದು ಕಂತು, ವರ್ಷವಿಡೀ, ಒಟ್ಟು 52. ಅಷ್ಟೂ ಕಂತುಗಳ ಲೇಔಟ್ ಮಾಡಿದ್ದು ಹಯಾವೊ ಮಿಯಾಜಾಕಿ ಒಬ್ಬರೇ. ಲೇಔಟ್ ಅಂದರೆ ಶಾಟ್‌ನಲ್ಲಿ ಕ್ಯಾಮೆರಾ ಎಲ್ಲಿ ನಿಂತಿದೆ, ಪಾತ್ರ ಎಷ್ಟು ದೊಡ್ಡದು, ಕಿಟಕಿ ಎಲ್ಲಿ, ಬೆಳಕು ಎತ್ತ ಕಡೆಯಿಂದ ಅಂತ ಮೊದಲೇ ಬರೆದು ಕೊಡುವ ನಕ್ಷೆ. ಬೇರೆಯವರು ಅದರ ಮೇಲೆ ಚಲನೆ ಬರೆಯುತ್ತಾರೆ. ಒಂದೇ ಕೈಯಿಂದ ಬಂದಿದ್ದರಿಂದ ಅಜ್ಜನ ಗುಡಿಸಲು ಯಾವ ದಿಕ್ಕಿನಿಂದ ನೋಡಿದರೂ ಅದೇ ಗುಡಿಸಲು. ಹತ್ತು ಕಂತು ಆಗುವಷ್ಟರಲ್ಲಿ ಅಮ್ಮನಿಗೆ ಒಲೆ ಎಲ್ಲಿ, ಅಟ್ಟಕ್ಕೆ ಏಣಿ ಎಲ್ಲಿ, ಹುಲ್ಲಿನ ಹಾಸಿಗೆಯ ಪಕ್ಕದ ದುಂಡು ಕಿಟಕಿ ಎಲ್ಲಿ ಅಂತೆಲ್ಲ ಗೊತ್ತಿತ್ತು. ಆ ಮನೆಗೆ ಹೋಗಿ ಬಂದವಳ ಹಾಗೆ ಮಾತಾಡುತ್ತಿದ್ದಳು. (ಈ ತಂಡದ ಹಲವರು ಸೇರಿಕೊಂಡ ನಿಪ್ಪಾನ್ ಆನಿಮೇಷನ್ ಕಂಪನಿಯೇ ಮುಂದೆ ಮೋಗ್ಲಿ ಸೀರೀಸ್ ಮಾಡಿದ್ದು. ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಅದಕ್ಕಾಗಿ ನಾನು ಪಕ್ಕದ ಮನೆಗೆ ಓಡುತ್ತಿದ್ದೆ. ಹಿಂದಿ ಒಂದಕ್ಷರ ಬರುತ್ತಿರಲಿಲ್ಲ.)

ಹಾಗಾದರೆ ಮನಸ್ಸಿಟ್ಟು ಮಾಡಿದ್ದೆಲ್ಲ ಗೆಲ್ಲುತ್ತಾ? ಇಲ್ಲ. ಅದಕ್ಕೆ ಉದಾಹರಣೆಯೂ ಹೈಡಿಯ ಎದುರಿಗೇ ಇದೆ.

ಹೈಡಿ ಬರುತ್ತಿದ್ದದ್ದು ಭಾನುವಾರ ಸಂಜೆ ಏಳೂವರೆಗೆ. 1974ರ ಅಕ್ಟೋಬರ್ 6ರಂದು ಇನ್ನೊಂದು ಚಾನೆಲ್‌ನಲ್ಲಿ ಅದೇ ಏಳೂವರೆಗೆ 'ಬಾಹ್ಯಾಕಾಶ ಯುದ್ಧನೌಕೆ ಯಮಾಟೊ' ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಹಡಗನ್ನೇ ಆಕಾಶನೌಕೆ ಮಾಡಿಕೊಂಡು ಭೂಮಿ ಉಳಿಸಲು ಹೊರಡುವ ಕಥೆ. ಪ್ರತಿ ಕಂತಿನ ಕೊನೆಯಲ್ಲಿ ಭೂಮಿಗೆ ಇನ್ನೆಷ್ಟು ದಿನ ಉಳಿದಿದೆ ಅಂತ ಲೆಕ್ಕ ಬರುತ್ತದೆ. ಅದನ್ನು ಮಾಡಿದವರು ಜೀವ ತೇಯ್ದು ಮಾಡಿದ್ದಾರೆ, ನೋಡಿದರೆ ಗೊತ್ತಾಗುತ್ತದೆ. ಆದರೆ ಮನೆಮಂದಿಯೆಲ್ಲ ಹೈಡಿ ಹಾಕಿಕೊಂಡು ಕೂತಿದ್ದರು. ಹೈಡಿ ಮುಗಿದ ಮೇಲೆ ಅದೇ ಹೊತ್ತಿಗೆ 'ಫ್ಲಾಂಡರ್ಸಿನ ನಾಯಿ' ಅನ್ನುವ ಇನ್ನೊಂದು ಕಾರ್ಟೂನ್ ಬಂತು. ಯಮಾಟೊವನ್ನು ನೋಡುವವರು ಸಾಲದೆ, 39 ಕಂತು ಅಂದುಕೊಂಡಿದ್ದನ್ನು 26ಕ್ಕೆ ಮೊಟಕು ಮಾಡಿದರು.

ಅಲ್ಲಿಗೆ ಅದು ಸೋತ ಸೀರೀಸ್ ಅಲ್ವಾ? ಆದರೆ ಮರುಪ್ರಸಾರದಲ್ಲಿ ಹುಡುಗರು ಅದನ್ನು ಹಿಡಿದುಕೊಂಡರು. 1977ರ ಆಗಸ್ಟ್‌ನಲ್ಲಿ ಅದೇ ಕಂತುಗಳನ್ನು ಕತ್ತರಿಸಿ ಸಿನಿಮಾ ಮಾಡಿದಾಗ ಹಿಂದಿನ ರಾತ್ರಿಯಿಂದಲೇ ಚಿತ್ರಮಂದಿರದ ಮುಂದೆ ಕ್ಯೂ. 1979ರಲ್ಲಿ ಬಂದ, ದೈತ್ಯ ರೋಬೋಟ್‌ಗಳ ಯುದ್ಧದ ಸೀರೀಸ್ ಗುಂಡಮ್‌ನದೂ ಹೀಗೇ. ಪ್ರಾಯೋಜಕರು ಆಟಿಕೆ ಕಂಪನಿಯವರು. ಆಟಿಕೆ ಚಿಕ್ಕ ಮಕ್ಕಳದ್ದು, ಕಥೆ ಹಿಡಿಸಿದ್ದು ಮೀಸೆ ಮೂಡುತ್ತಿದ್ದ ಹುಡುಗರಿಗೆ. ವ್ಯಾಪಾರ ಆಗಲಿಲ್ಲ, 52ರ ಬದಲು 43ಕ್ಕೆ ನಿಲ್ಲಿಸಿದರು. ನಿಂತ ಮೇಲೆ, 1980ರ ಜುಲೈನಲ್ಲಿ, ಬಂಡಾಯ್ ಕಂಪನಿ ಆ ಹುಡುಗರು ತಾವೇ ಜೋಡಿಸಿಕೊಳ್ಳುವ 300 ಯೆನ್‌ನ ಮಾಡೆಲ್ ಕಿಟ್ ಬಿಟ್ಟಿತು. ಆಮೇಲೆ ಗುಂಡಮ್ ನಿಂತೇ ಇಲ್ಲ.

ಪ್ರಸಾರದ ವೇಳೆ, ಎದುರಿನ ಚಾನೆಲ್, ಅಂಗಡಿಯ ಆಟಿಕೆ, ಇವು ಒಂದು ಸೀರೀಸನ್ನು ಕೊಲ್ಲಬಲ್ಲವು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಮಾಟೊವನ್ನು, ಗುಂಡಮ್ ಅನ್ನು ಜನ ಮತ್ತೆ ಹುಡುಕಿಕೊಂಡು ಬಂದರಲ್ಲ, ಹುಡುಕಿದಾಗ ಒಳಗೆ ಏನೋ ಇತ್ತು. ನಮ್ಮ 13 ಕಂತಿನ ಸೀರೀಸನ್ನು ನೂರು ಸಲ ಮರುಪ್ರಸಾರ ಮಾಡಿದ್ದರೂ ಯಾರೂ ಬರುತ್ತಿರಲಿಲ್ಲ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ, ಯಾಕಂದರೆ ಅದರಲ್ಲಿ ಕೆಲಸ ಮಾಡಿದ ಹುಡುಗ ಹುಡುಗಿಯರ ಕೈಯಲ್ಲಿ ಕಸುಬಿತ್ತು. ಮಗು ಸುಮ್ಮನೆ ಕೂತು ನೋಡುತ್ತದೆ ಅನ್ನುವ ನಂಬಿಕೆ ಮೇಲಿನವರಿಗೆ ಇರಲಿಲ್ಲ, ಅಷ್ಟೇ.

ಹೈಡಿ ಫ್ರಾಂಕ್‌ಫರ್ಟ್‌ಗೆ ಹೋದ ಕಂತುಗಳಲ್ಲಿ ಅಮ್ಮ ಮಾತು ಕಡಿಮೆ ಮಾಡಿದಳು. ಅಲ್ಲಿ ಹೈಡಿ ಬೆಟ್ಟ ಕಾಣಬಹುದು ಅಂತ ಗೋಪುರ ಹತ್ತುತ್ತಾಳೆ. ಮೇಲೆ ನಿಂತು ನೋಡಿದರೆ ಬರೀ ಮನೆಗಳ ಚಾವಣಿ. ಅಮ್ಮ ಒಮ್ಮೆ ಬಾಲ್ಕನಿ ಕಡೆ ತಿರುಗಿ ನೋಡಿ, ಮತ್ತೆ ಟಿವಿ ಕಡೆ ತಿರುಗಿದಳು. ನಾನು ಓದುವುದನ್ನು ನಿಲ್ಲಿಸಿದೆ. ಅವಳಿಗೆ ಬೇಕಾಗಿರಲಿಲ್ಲ.

ಹೈಡಿ ವಾಪಸ್ ಬೆಟ್ಟಕ್ಕೆ ಬಂದ ವಾರವೇ ಡಾಕ್ಟರು ಅಮ್ಮನಿಗೆ ಊರಿಗೆ ಹೋಗಬಹುದು ಅಂದರು. ಇನ್ನೂ ಹದಿನೇಳೋ ಹದಿನೆಂಟೋ ಕಂತು ಬಾಕಿ. ಮೊನ್ನೆ ರಾತ್ರಿ ಫೋನ್ ಮಾಡಿ, ದನ ಕರು ಹಾಕಿದ್ದು, ಮಳೆ ಬಂದದ್ದು ಎಲ್ಲ ಹೇಳಿ ಆದ ಮೇಲೆ ಕೇಳಿದಳು: 'ಆ ಗಾಲಿ ಕುರ್ಚಿ ಹುಡುಗಿ, ಕ್ಲಾರಾ, ಬೆಟ್ಟಕ್ಕೆ ಬರ್ತೀನಿ ಅಂದಿದ್ಲಲ್ಲ. ಬಂದ್ಲೇನೇ? ನಡೆದ್ಲಾ?'

'ನೀನಿಲ್ದೆ ನಾನು ಮುಂದೆ ನೋಡಿಲ್ಲಮ್ಮ' ಅಂದೆ.

'ನೋಡ್ಬೇಡ ಹಂಗಾದ್ರೆ. ದೀಪಾವಳಿಗೆ ಬರ್ತೀಯಲ್ಲ, ಆ ಲ್ಯಾಪ್‌ಟಾಪ್ ತಗೊಂಡೇ ಬಾ.'