ಮೊದಲು ಶೋವಾ-ಕಾನ್, ಆಮೇಲೆ ರಾಮೆನ್ ಬೀದಿ

ರಾಮೆನ್ ಅಂದರೆ ಬಿಸಿ ಸಾರಿನಲ್ಲಿ ಕೊಡುವ ಜಪಾನಿ ನೂಡಲ್ಸ್. ಅದರ ಮ್ಯೂಸಿಯಂ ನೋಡಲು ಹೊರಟ ನಾನು, ಅಮ್ಮ ಇಳಿದಿದ್ದು ಯೊಕೊಹಾಮಾ ಸ್ಟೇಷನ್ನಿನಲ್ಲಿ. ದಾರಿ ಕೇಳಿದರೆ ಸಮುದ್ರದ ಕಡೆಗಿರುವ ಕಪ್ ನೂಡಲ್ಸ್ ಮ್ಯೂಸಿಯಂಗೆ ಕಳಿಸಿದರು. ಅದೇ ಬೇರೆ, ಇದೇ ಬೇರೆ. ನಮಗೆ ಬೇಕಾಗಿದ್ದು ಇದ್ದದ್ದು ಶಿನ್-ಯೊಕೊಹಾಮಾದಲ್ಲಿ. ಆ ‘ಶಿನ್’ ಮರೀಬೇಡಿ. 2023ರಿಂದ ಟೋಕಿಯೋದ ಶಿಬುಯಾದಿಂದ ತೋಕ್ಯು ಕಂಪನಿಯ ರೈಲಿನಲ್ಲಿ ನೇರವಾಗಿ ಅಲ್ಲಿಗೆ ಹೋಗಬಹುದು. ಸುಮ್ನೆ ಬುಲೆಟ್ ರೈಲಿಗೆ ದುಡ್ಡು ಸುರಿಯಬೇಡಿ.

ಮ್ಯೂಸಿಯಂನ ನೆಲಮಾಳಿಗೆಗೆ ಇಳಿದರೆ 1958ರ ಜಪಾನ್. ಟೋಕಿಯೋ ಟವರ್ ಎದ್ದು ನಿಂತ ವರ್ಷ, ಇನ್‌ಸ್ಟಂಟ್ ರಾಮೆನ್ ಹುಟ್ಟಿದ ವರ್ಷ. ಅಲ್ಲಿ ಯಾವಾಗ ಹೋದರೂ ಮುಸ್ಸಂಜೆ, ಆಕಾಶಕ್ಕೆ ಹಾಗೆ ಬಣ್ಣ ಬಳಿದಿದ್ದಾರೆ. ಇಕ್ಕಟ್ಟಿನ ಓಣಿ, ಸಿನಿಮಾ ಬೋರ್ಡು, ಮಕ್ಕಳ ಮಿಠಾಯಿ ಅಂಗಡಿ. ಅಮ್ಮ ಎರಡು ಸುತ್ತು ಹಾಕಿ ಕೇಳಿದರು, “ಎಲ್ಲಾ ಸರಿ, ಮೋರಿ ವಾಸನೆ ಎಲ್ಲಿ?” ಜನ ಮತ್ತೆ ನೋಡಬೇಕು ಅಂತ ಬಯಸುವಷ್ಟನ್ನು ಮಾತ್ರ ಕಟ್ಟಿದ್ದಾರೆ, ಅಲ್ವಾ?

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮರುದಿನ, ಟೋಕಿಯೋದ ಕುದನ್‌ಶಿತ ಸ್ಟೇಷನ್ ಪಕ್ಕದ ಶೋವಾ-ಕಾನ್ ಅನ್ನೋ ಮ್ಯೂಸಿಯಂನಲ್ಲಿ. ಎರಡನೇ ಮಹಾಯುದ್ಧದ ಕಾಲದ ಮತ್ತು ಆಮೇಲಿನ ವರ್ಷಗಳ ಮನೆಬಳಕೆ ಸಾಮಾನನ್ನೆಲ್ಲ ಇಟ್ಟಿದ್ದಾರೆ. ಸೋತ ದೇಶದಲ್ಲಿ ಅಕ್ಕಿಯಿಲ್ಲ. ಪೇಟೆಯವರು ತಮ್ಮ ಬಟ್ಟೆ ಒಂದೊಂದಾಗಿ ಮಾರಿ ಹಳ್ಳಿಗಳಿಂದ ದವಸ ತರುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ‘ತಕೆನೊಕೊ’ ಬದುಕು. ತಕೆನೊಕೊ ಅಂದರೆ ಕಳಲೆ. ಪದರ ಪದರವಾಗಿ ಸುಲಿಯೋದು. ಮಲೆನಾಡಿನ ಅಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಆಗ ಅಮೆರಿಕದಿಂದ ಬಂದ ಗೋಧಿ, ಕಾಳಸಂತೆಯ ಗಾಡಿಗಳು, ಇವುಗಳಿಂದಲೇ ರಾಮೆನ್ ಊರೂರು ಹಬ್ಬಿದ್ದು. ಹಾಗಾಗಿ ನೀವು ಶೋವಾ-ಕಾನನ್ನೇ ಮೊದಲು ನೋಡಿ. ಹಸಿವನ್ನು ಕಂಡು ಬಂದವರಿಗೆ ನೆಲಮಾಳಿಗೆಯ ಆ ಬಟ್ಟಲು ಬೇರೆಯೇ ಕಾಣುತ್ತದೆ.

ಇನ್ನು ಊಟದ ಮಾತು. ರಾಮೆನ್ ಮ್ಯೂಸಿಯಂನಲ್ಲಿ ಪ್ರವೇಶಕ್ಕೆ ದುಡ್ಡು ಬೇರೆ, ರಾಮೆನ್‌ಗೆ ಬೇರೆ. ಅಲ್ಲಿನ ರಾಮೆನ್ ಅಂಗಡಿಯೊಳಗೆ ಕೂತರೆ ದೊಡ್ಡವರು ತಲೆಗೊಂದು ಬಟ್ಟಲು ಕೊಳ್ಳಲೇಬೇಕು, ಇಬ್ಬರು ಹಂಚಿಕೊಳ್ಳುವಂತಿಲ್ಲ. ಎರಡು-ಮೂರು ಅಂಗಡಿಯ ರುಚಿ ನೋಡುವ ಆಸೆಯಿದ್ದರೆ ಮಿನಿ ರಾಮೆನ್ ಕೇಳಿ. ಸಸ್ಯಾಹಾರಿಗಳು ಹುಷಾರು. ಮೇಲೆ ಮಾಂಸದ ತುಂಡು ಕಾಣದಿದ್ದರೂ ಸಾರು ಹೆಚ್ಚಾಗಿ ಹಂದಿ ಮೂಳೆಯದ್ದೋ ಕೋಳಿಯದ್ದೋ ಮೀನಿನದ್ದೋ ಆಗಿರುತ್ತದೆ. ಟಿಕೆಟ್ ಮಷಿನ್‌ಗೆ ದುಡ್ಡು ಹಾಕುವ ಮೊದಲೇ ವಿಚಾರಿಸಿ. ಅಮ್ಮ ಡಬ್ಬಿಯಲ್ಲಿ ತಂದಿದ್ದ ಚಪಾತಿಯನ್ನು ಹೊರಗೆ ಬೆಂಚಿನ ಮೇಲೆ ಕೂತು ತಿಂದರು. ಮಿಠಾಯಿ ಅಂಗಡಿಯಲ್ಲಿ ಮಾತ್ರ ನನಗಿಂತ ಜಾಸ್ತಿ ಖರ್ಚು ಮಾಡಿದರು.

ಹಾಂ, ಸೋಮವಾರ ಶೋವಾ-ಕಾನ್‌ಗೆ ರಜೆ. ಮೊದಲ ದಿನ ಅಲ್ಲಿ ಮುಚ್ಚಿದ ಬಾಗಿಲು ನೋಡಿದ ಮೇಲೆಯೇ ನಾವು ಗಡಿಬಿಡಿಯಲ್ಲಿ ಯೊಕೊಹಾಮಾ ರೈಲು ಹತ್ತಿದ್ದು.