ಬ್ರೇಕ್ ಲೈಟಿಗಿಂತ ಮೊದಲು ಒಬ್ಬ ನಟಿ

ಸಿಗ್ನಲ್ಲಿನಲ್ಲಿ ಮುಂದಿನ ಕಾರಿನ ಕೆಂಪು ದೀಪ ಹೊತ್ತಿದಾಗ ನೆನೆಯಬೇಕಾದ ಹೆಸರು ಫ್ಲಾರೆನ್ಸ್ ಲಾರೆನ್ಸ್.

1886ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಹುಟ್ಟಿದ ಮೂಕಿಚಿತ್ರ ನಟಿ. ಆಕೆ ನಟಿಸುತ್ತಿದ್ದ ಬಯೋಗ್ರಾಫ್ ಎಂಬ ಸಿನಿಮಾ ಕಂಪನಿ ಆಗ ಕಲಾವಿದರ ಹೆಸರನ್ನೇ ಹೊರಗೆ ಬಿಡುತ್ತಿರಲಿಲ್ಲ. ಹೀಗಾಗಿ ಊರೆಲ್ಲ ಗುರುತಿಸುವ ಮುಖವಾದರೂ ಜನರ ಬಾಯಲ್ಲಿ ಆಕೆ ಬರೀ 'ಬಯೋಗ್ರಾಫ್ ಗರ್ಲ್'. ಹೆಸರು ಸಿಕ್ಕಿದ್ದು 1910ರಲ್ಲಿ. ಆಕೆ ಸತ್ತಳೆಂಬ ಗಾಳಿಸುದ್ದಿಯನ್ನೇ ಹಿಡಿದು ಚಿತ್ರ ನಿರ್ಮಾಪಕ ಕಾರ್ಲ್ ಲೆಮ್ಲಿ 'ಇದು ಸುಳ್ಳು' ಎಂದು ಜಾಹೀರಾತು ಕೊಟ್ಟ, ಸೇಂಟ್ ಲೂಯಿಸ್‌ನಲ್ಲಿ ಜನರೆದುರು ತಂದು ನಿಲ್ಲಿಸಿದ. ಜನ ಮುಗಿಬಿದ್ದರು.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಕೆಯ ಕಾರು ಪ್ರೀತಿ. ತಿರುಗುವಾಗ ಡ್ರೈವರ್ ಕೈ ಹೊರಗೆ ಚಾಚುತ್ತಿದ್ದ ಕಾಲ ಅದು. ಕತ್ತಲಲ್ಲಿ, ಮಳೆಯಲ್ಲಿ ಆ ಕೈ ಯಾರಿಗೆ ಕಂಡೀತು? 1914ರ ಹೊತ್ತಿಗೆ ಆಕೆ ಮಾಡಿದ ಉಪಾಯ ಸರಳ: ಗುಂಡಿ ಒತ್ತಿದರೆ ಕಾರಿನ ಹಿಂಬದಿಯಲ್ಲಿ ಒಂದು ಪಟ್ಟಿ ಮೇಲೇಳುತ್ತದೆ, ಗಾಡಿ ಎತ್ತ ತಿರುಗುತ್ತದೆಂದು ತೋರಿಸುತ್ತದೆ. ಬ್ರೇಕ್ ತುಳಿದರೆ 'ಸ್ಟಾಪ್' ಎಂಬ ಫಲಕ ತಾನಾಗಿ ಎದ್ದು ನಿಲ್ಲುತ್ತದೆ. ಕಾಲು ಹೇಗೂ ಪೆಡಲ್ ಮೇಲೆ ಹೋಗುತ್ತದೆ. ಹಿಂದಿನವನಿಗೆ ಹೇಳಲು ಬೇರೆ ಕೆಲಸವೇ ಬೇಡ. ಇವತ್ತಿನ ಬ್ರೇಕ್ ಲೈಟಿನ ಹಿಂದಿರುವುದೂ ಇದೇ ಯೋಚನೆ.

ಪೇಟೆಂಟ್ ಮಾತ್ರ ಮಾಡಿಸಲಿಲ್ಲ, ಹಾಗಾಗಿ ಬಿಡಿಗಾಸೂ ಬರಲಿಲ್ಲ. ಅಮ್ಮ ಶಾರ್ಲೆಟ್ ಬ್ರಿಜ್‌ವುಡ್ ಗಾಜು ಒರೆಸುವ ವಿದ್ಯುತ್ ವೈಪರಿಗೆ 1917ರಲ್ಲಿ ಪೇಟೆಂಟ್ ಪಡೆದರು. ಅದರಲ್ಲಿದ್ದದ್ದು ಬ್ಲೇಡ್ ಅಲ್ಲ, ರೋಲರ್. ಅದೂ ದುಡ್ಡು ತರಲಿಲ್ಲ.

ಕೊನೆಗೆ ಸಣ್ಣಪುಟ್ಟ ಪಾತ್ರಗಳು, ಕಾಯಿಲೆ. 1938ರ ಡಿಸೆಂಬರಿನಲ್ಲಿ ವಿಷ ತೆಗೆದುಕೊಂಡು ತೀರಿಕೊಂಡಳು. ಹಾಲಿವುಡ್‌ನಲ್ಲಿರುವ ಆಕೆಯ ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 1991ರಲ್ಲಿ. ಅದರಲ್ಲೂ ಹುಟ್ಟಿದ ವರ್ಷ 1890 ಎಂದು ಕೆತ್ತಿದ್ದಾರೆ.