ಬಾಳೆಗೊನೆಯ ಜೊತೆ ಕೂರ್ಮಗಡಕ್ಕೆ

ಪುಷ್ಯ ಹುಣ್ಣಿಮೆಯ ಬೆಳಿಗ್ಗೆ ಕಾರವಾರದ ಕೋಡಿಬಾಗದಲ್ಲಿ ದೋಣಿ ಹತ್ತಿದಾಗ ನನ್ನ ಕಾಲ ಬಳಿಯೇ ಬಾಳೆಗೊನೆಯೊಂದಿತ್ತು. ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯ ಹರಕೆ ಅದು. ಮಗನ ಬಲೆಗೆ ಈ ಸಲ ಒಳ್ಳೆಯ ಮೀನು ಬಿದ್ದಿದೆಯಂತೆ. ಕೂರ್ಮಗಡ ನಡುಗಡ್ಡೆಯ ಜಾತ್ರೆಯಲ್ಲಿ ನರಸಿಂಹನಿಗೆ ಗೊನೆ ಒಪ್ಪಿಸಲು ಹೊರಟಿದ್ದರು. “ಕಾಲು ತಾಗಿಸಬೇಡ ತಂಗೀ” ಎಂದರು. ಅಲೆ ಎತ್ತಿಹಾಕಿದಾಗಲೆಲ್ಲ ಇಬ್ಬರೂ ಅದನ್ನು ತಬ್ಬಿ ಹಿಡಿದೆವು.

ಶಿರಸಿಯವಳಾದ ನನಗೆ ಜಾತ್ರೆಯೆಂದರೆ ಮಾರಿಕಾಂಬೆಯ ತೇರು, ಬೀದಿ ತುಂಬ ಅಂಗಡಿ. ಇಲ್ಲಿ ಸಿಂಗರಿಸಿಕೊಂಡಿದ್ದು ದೋಣಿಗಳು. ಬಾವುಟ, ಚೆಂಡುಹೂವಿನ ಮಾಲೆ ಕಟ್ಟಿಕೊಂಡು ಸಾಲುಸಾಲಾಗಿ ಹೊರಟಿದ್ದವು. ಎದುರಿಗೆ ಆಮೆ ಬೆನ್ನಿನಂತೆ ಹಸಿರು ನಡುಗಡ್ಡೆ.

ಕಾಳಿ ನದಿಯ ಅಳಿವೆ ದಾಟುತ್ತಿದ್ದಂತೆ ದೋಣಿಯವರು ಎಂಜಿನ್ ನಿಲ್ಲಿಸಿ ಎಡಕ್ಕೆ ಕೈ ತೋರಿಸಿದರು. ನೀರು ಸೀಳಿ ಬೂದು ಬೆನ್ನೊಂದು ಮೇಲೆದ್ದಿತು. ಬೆನ್ನುರೆಕ್ಕೆಯ ಬುಡದಲ್ಲಿ ಸ್ಪಷ್ಟವಾದ ಗೂನು. ‘ಫೂ’ ಎಂದು ಉಸಿರು ಬಿಟ್ಟು ಮುಳುಗಿತು. ಹಿಂದೆಯೇ ಇನ್ನೆರಡು. ಗೂನುಬೆನ್ನಿನ ಈ ಡಾಲ್ಫಿನ್‌ಗಳು ಆಳ ಕಡಲಿಗೆ ಹೋಗುವುದು ಕಡಿಮೆ. ನದಿ ಸೇರುವ ತೆಳುನೀರಿನಲ್ಲೇ ಮೀನು ಹುಡುಕುತ್ತವೆ. ದೋಣಿಗಳಿಗೂ ಅದೇ ದಾರಿ. ಶಬ್ದದ ಮರುದನಿಯಿಂದಲೇ ಬೇಟೆ ಗುರುತಿಸುವ ಜೀವಕ್ಕೆ ಇಷ್ಟೊಂದು ಎಂಜಿನ್‌ಗಳ ಸದ್ದು ಹೇಗಾಗಬೇಡ! ಆ ಎರಡು ನಿಮಿಷದ ಮೌನಕ್ಕಾಗಿ ದೋಣಿಯವರಿಗೆ ಕೈ ಮುಗಿಯಬೇಕೆನಿಸಿತು.

ಗುಡಿಯಲ್ಲಿ ನೂಕುನುಗ್ಗಲು. ಗೊನೆ ಒಪ್ಪಿಸಿ ಬಂದ ಅಜ್ಜಿಯ ಮುಖ ಹಗುರಾಗಿತ್ತು. ನಾನು ಬಂಡೆಗಳ ಕಡೆ ನಡೆದೆ. ಬಿಳಿಹೊಟ್ಟೆಯ ಕಡಲ ಹದ್ದೊಂದು ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು ಗಾಳಿಯಲ್ಲಿ ತೇಲುತ್ತಿತ್ತು. ಎತ್ತರದ ಮರದಲ್ಲಿ ಕಟ್ಟಿದ ಗೂಡಿಗೇ ವರ್ಷ ವರ್ಷವೂ ಕಡ್ಡಿ ಸೇರಿಸಿ ಮರಿ ಮಾಡುವ ಹಕ್ಕಿ ಇದು. ಮೀನಿನ ಜೊತೆ ಕಡಲ ಹಾವನ್ನೂ ಹಿಡಿಯುತ್ತದೆ. ಕೆಳಗೆ ಬಂಡೆಯ ಸಂದಿನಲ್ಲಿ ನೀರಿನ ಬಾಟಲಿಗಳು, ತಟ್ಟೆಗಳು. ದೇವರಿಗೆಂದು ಬಂದವರೇ ಎಸೆದದ್ದು. ನೋಡಿ ಸಂಕಟವಾಯಿತು. ಚೀಲದಲ್ಲಿ ಹಿಡಿದಷ್ಟನ್ನು ತುಂಬಿಕೊಂಡೆ.

ಮಧ್ಯಾಹ್ನಕ್ಕೇ ದೋಣಿಯವರು ಕೂಗತೊಡಗಿದರು. ಹುಣ್ಣಿಮೆಯ ದಿನ ಇಳಿತ ಜೋರು. ಸಂಜೆ ಹೊತ್ತಿಗೆ ನದಿಯ ನೀರು ಹೊರಕ್ಕೆ ಸೆಳೆಯುತ್ತದೆ, ಕಡಲ ಗಾಳಿ ಅಲೆಗಳನ್ನು ಒಳಕ್ಕೆ ತಳ್ಳುತ್ತದೆ. ಎರಡೂ ಎದುರಾಗುವ ಅಳಿವೆಯಲ್ಲಿ ಅಲೆ ಕಡಿದಾಗಿ ಏಳುತ್ತದೆ. 2019ರ ಜನವರಿಯಲ್ಲಿ ಇದೇ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹಲವರು ತೀರಿಕೊಂಡದ್ದು ದೋಣಿಯಲ್ಲಿದ್ದ ಎಲ್ಲರಿಗೂ ನೆನಪಿತ್ತು. ಯಾರೂ ಆ ಮಾತೆತ್ತಲಿಲ್ಲ. ಅಜ್ಜಿ ನನ್ನ ಲೈಫ್ ಜಾಕೆಟ್‌ನ ಪಟ್ಟಿಯನ್ನು ಎಳೆದು ಬಿಗಿ ಮಾಡಿದರು.

ಕೋಡಿಬಾಗದ ಮರಳಿಗೆ ಕಾಲಿಟ್ಟ ಮೇಲೆಯೇ ಅವರು ಸೆರಗಿನ ಗಂಟು ಬಿಚ್ಚಿ ಪ್ರಸಾದದ ಬಾಳೆಹಣ್ಣು ಕೊಟ್ಟರು.